ಬೆಂಕಿಗೊಂದು ಕೋಶ

ದೇವನಹಳ್ಳಿಯ ಕೋಟೆಯನ್ನು ನೋಡಲು ಬಂದವರಿಗೆ ಟಿಪ್ಪು ಹುಟ್ಟಿದ ಜಾಗವನ್ನು ತೋರಿಸುವುದು ವಾಡಿಕೆ. ಟಿಪ್ಪುವಿನ ಮಾತು ಬಂದಲ್ಲಿ ಮೈಸೂರಿನ ಅಗ್ನಿಬಾಣದ ಮಾತೂ ಬರುತ್ತದೆ. ಅದು ಎಷ್ಟು ದೂರ ಹಾರಿತು, ಯಾರನ್ನು ಬೆದರಿಸಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದರ ಮದ್ದನ್ನು ಹಿಡಿದಿಟ್ಟ ಕಬ್ಬಿಣದ ಕೊಳವೆಯ ವಿಷಯ ಎತ್ತುವವರು ವಿರಳ. ಇಂದು ಆ ಕೊಳವೆಯ ಬಗೆಗೇ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಶಸ್ತ್ರವಿದ್ಯೆ ನನ್ನ ಕ್ಷೇತ್ರವಲ್ಲ. ಈ ವಿಷಯಕ್ಕೆ ನನ್ನನ್ನು ಕರೆತಂದದ್ದು ‘ಕೋಶ’ ಎಂಬ ಶಬ್ದ. ಕತ್ತಿಯ ಒರೆಯೂ ಕೋಶ, ಅರಸನ ಭಂಡಾರವೂ ಕೋಶ, ನಿಘಂಟೂ ಕೋಶ. ಒಳಗಿನದನ್ನು ಚೆಲ್ಲದಂತೆ ಕಾಯುವುದು ಅದರ ಧರ್ಮ. ಕಾಯಬೇಕಾದದ್ದು ಬೆಂಕಿಯಾದರೆ ಆ ಧರ್ಮ ಬಹು ಕಠಿಣವಾದದ್ದು.

ರೈಫಲ್ಲಿನ ತೋಟಾವನ್ನೇ ನೋಡಿ. ಅದರ ಹಿತ್ತಾಳೆಯ ಕೋಶ ಬಂದೂಕಿನ ಚೇಂಬರಿನಲ್ಲಿ ಕೂರುತ್ತದೆ. ಮದ್ದು ಹೊತ್ತಿದೊಡನೆ ಅದು ಉಬ್ಬಿ ಉಕ್ಕಿನ ಗೋಡೆಗೆ ಒತ್ತಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದಾಗ ತುಸು ಕುಗ್ಗಿ ಬಿಡಿಸಿಕೊಳ್ಳುತ್ತದೆ. ಚೇಂಬರನ್ನು ವಿಶೇಷ ಅಳತೆಗೆ ಕೊರೆದಿದ್ದರೆ ಕೋಶವನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು. ಹಿಂಬದಿಯಲ್ಲಿ ತೆರಪು ಹೆಚ್ಚಾದರೆ ಕೋಶ ಜಗ್ಗಿ ಬುಡದ ಬಳಿ ಹರಿಯುತ್ತದೆ. ಅದರ ಕತ್ತನ್ನು ಕಾಯಿಸಿ ಮೆದುಗೊಳಿಸಬಹುದು. ಬುಡ ಮೆದುವಾದರೆ ಅಪಾಯ ಹೊಡೆಯುವವನ ಮುಖದೆದುರಿಗೇ ಇರುತ್ತದೆ. ಹೀಗಿದ್ದರೂ ಹಿತ್ತಾಳೆಗೆ ಉಕ್ಕಿನ ಆಸರೆಯುಂಟು. ಅಗ್ನಿಬಾಣದ ಕೊಳವೆಗೆ ಯಾವ ಆಸರೆಯೂ ಇಲ್ಲ. ಅಲ್ಲಿ ಕೋಶವೂ ಚೇಂಬರೂ ಒಂದೇ.

ಕಾಗದದ ಕೊಳವೆ ಹೆಚ್ಚಿನ ಒತ್ತಡವನ್ನು ತಾಳದೆ ಸೀಳುತ್ತದೆ. ಕಬ್ಬಿಣ ತಾಳಿತು, ಆದುದರಿಂದಲೇ ಮೈಸೂರಿನ ಬಾಣ ಕಿಲೋಮೀಟರಿಗೂ ಮೀರಿ ಹಾರಿತು. ವೂಲಿಚ್‌ನ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ಮಾದರಿಗಳ ಅಳತೆಯನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ 58 ಮಿ.ಮೀ. ದಪ್ಪ, 254 ಮಿ.ಮೀ. ಉದ್ದ, ಅದನ್ನು ತೊಗಲಿನ ಪಟ್ಟಿಯಿಂದ ಕತ್ತಿಯ ಅಲಗಿಗೆ ಬಿಗಿದಿದೆ. ಇನ್ನೊಂದು ಕಿರಿದು, ಅದಕ್ಕೆ ಬಿದಿರಿನ ಗಳು.

ಕಬ್ಬಿಣವೆಂದ ಮಾತ್ರಕ್ಕೆ ಕ್ಷೇಮವೆನ್ನಲಾಗದು. ಬೆಸೆದ ಅಂಚು ಸಡಿಲವಾದರೆ ಕೊಳವೆ ಸೀಳುತ್ತದೆ. ಗಿಡಿದ ಮದ್ದಿನಲ್ಲಿ ಬಿರುಕಿದ್ದರೆ ಉರಿಯುವ ಮೈ ಒಮ್ಮೆಲೇ ಹಿಗ್ಗಿ, ಬಾಣ ಹಾರುವ ಬದಲು ಸಿಡಿಯುತ್ತದೆ. 1799ರ ಮೇ 2ರಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಗುಂಡು ತಗುಲಿ ಅದು ಸ್ಫೋಟಿಸಿತು. ಶತ್ರುವಿಗೆಂದು ಕೂಡಿಟ್ಟ ಬೆಂಕಿ ಮನೆಯೊಳಗೇ ಎದ್ದಿತು.

ಎರಡೇ ದಿನಗಳ ಮೇಲೆ ಕೋಟೆ ಬಿತ್ತು. ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅಂಥವನ್ನೇ ಮಾಡಿ, ಪರೀಕ್ಷಿಸಿ, 1814ರಲ್ಲಿ ವಿವರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಇಲ್ಲಿ 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಅವನ್ನು ಬಡಿದ ಕಮ್ಮಾರರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ತಗಡನ್ನು ಎಷ್ಟು ಕಾಯಿಸಿದರು, ಅಂಚನ್ನು ಹೇಗೆ ಬೆಸೆದರು, ಒಳ್ಳೆಯ ಕೊಳವೆಯನ್ನು ಯಾವ ನಾದದಿಂದ ಗುರುತಿಸಿದರು ಎಂಬುದನ್ನು ಬಾವಿಯ ಕಬ್ಬಿಣ ಹೇಳಲಾರದು.

ದೇವನಹಳ್ಳಿಯ ಬದಿಯಲ್ಲೇ ಇಂದು ವಿಮಾನೋದ್ಯಮದ ವಸಾಹತು ಎದ್ದಿದೆ. ಅಲ್ಲಿ ಪ್ರತಿಯೊಂದು ಲೋಹದ ತುಂಡಿಗೂ ಅಳತೆಯ ದಾಖಲೆಯುಂಟು. ಸುತ್ತಣ ಹಳ್ಳಿಗಳ ಕುಲುಮೆಗಳ ಪಾಡು ಬೇರೆ. ತಿದಿ, ಅಡಿಗಲ್ಲು, ಇಕ್ಕುಳ, ಹದ—ಈ ಮಾತುಗಳನ್ನು ಕೈಯಿಂದ ಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಮದ್ದಿಗೆ ಗಟ್ಟಿಯಾದ ಕೋಶವನ್ನು ಮಾಡಿದ ನಾಡು ಆ ಅರಿವಿಗೆ ಕೋಶ ಮಾಡಲಿಲ್ಲ. ಕನ್ನಡ ಓದುವ ವಿದ್ಯಾರ್ಥಿಗಳು ಒಂದು ರಜೆಯ ದಿನ ನೋಟುಪುಸ್ತಕ ಹಿಡಿದು ಊರಿನ ಕುಲುಮೆಯ ಮುಂದೆ ಕುಳಿತು, ಕೇಳಿದ್ದನ್ನು ಬರೆದುಕೊಂಡರೆ, ಉಳಿದಷ್ಟಾದರೂ ನಮ್ಮದಾಗುತ್ತದೆ.