ವಾರಂಟಿ ಮುಗಿದ ಗಾಡಿ



ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಮೊದಲು ಹೊರಬಂದ ಗಾಡಿ ಕ್ವಾಲಿಸ್. 2000ದಿಂದ 2005ರವರೆಗೆ ಮಾರಾಟವಾಯಿತು. ಕೊನೆಯ ಕ್ವಾಲಿಸ್‌ಗೂ ಈಗ ಇಪ್ಪತ್ತು ವರ್ಷ ದಾಟಿದೆ, ವಾರಂಟಿ ಯಾವ ಕಾಲಕ್ಕೋ ಮುಗಿದಿದೆ. ಆದರೂ ಕನಕಪುರ, ಮಾಗಡಿ ಕಡೆಯ ಮದುವೆ ಛತ್ರಗಳ ಮುಂದೆ ಒಮ್ಮೊಮ್ಮೆ ಒಂದು ಕಣ್ಣಿಗೆ ಬೀಳುತ್ತದೆ. ಕಂಡಾಗಲೆಲ್ಲ ನಾನು ನೆನೆಯುವುದು ಇಷ್ಟು ವರ್ಷ ಅದರ ಇಂಜಿನ್ನಿನ ಖರ್ಚು ಹೊತ್ತ ಮಾಲೀಕರನ್ನು.

ಹೋದ ವರ್ಷ ಅಂಥ ಖರ್ಚು ನನ್ನ ಪಾಲಿಗೂ ಬಂತು. ನನ್ನ ಕಾರಿನಲ್ಲಿ ಚನ್ನಪಟ್ಟಣದಿಂದ ಬೆಂಗಳೂರಿಗೆ ಹೊರಟಿದ್ದೆ. ರಾಮನಗರ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಬಿಡದಿ ತಲುಪಿಬಿಡೋಣ ಎಂದು ಓಡಿಸಿದೆ. ಸೋರುತ್ತಿದ್ದದ್ದು ರೇಡಿಯೇಟರಿನ ಒಂದು ರಬ್ಬರ್ ಪೈಪು. ಅಲ್ಲೇ ನಿಲ್ಲಿಸಿದ್ದರೆ ಪೈಪಿನ ದುಡ್ಡಿನಲ್ಲಿ ಮುಗಿಯುತ್ತಿತ್ತು. ನೀರಿಲ್ಲದೆ ಕಾದ ಇಂಜಿನ್ನಿನ ಹೆಡ್ ಸೊಟ್ಟಗಾಯಿತು, ಗ್ಯಾಸ್ಕೆಟ್ ಹೋಯಿತು, ನೀರು ಆಯಿಲ್‌ಗೆ ಬೆರೆಯಿತು. ಮೆಕ್ಯಾನಿಕ್ ಕಡ್ಡಿ ಎಳೆದು ತೋರಿಸಿದರೆ ಆಯಿಲ್‌ಗೆ ಹಾಲು ಹಾಕಿದ ಕಾಫಿಯ ಬಣ್ಣ. "ಇಂಜಿನ್ ಇಳಿಸ್ಬೇಕು ಸಾರ್" ಅಂದರು.

ಇನ್ಶೂರೆನ್ಸ್ ಕಟ್ಟಿದ್ದೀರಲ್ಲ ಎಂದು ಮನೆಯಲ್ಲಿ ಕೇಳಿದರು. ಸಾಮಾನ್ಯ ವಿಮೆ ಅಪಘಾತಕ್ಕೆ, ಕಳ್ಳತನಕ್ಕೆ. ಸವೆತಕ್ಕೆ, ತಾನಾಗಿ ಕೆಟ್ಟ ಇಂಜಿನ್ನಿಗೆ ಅದು ಬರುವುದಿಲ್ಲ. ತಯಾರಿಕೆಯಲ್ಲೇ ದೋಷವಿದ್ದರೆ, ಗ್ಯಾರೇಜಿನವರು ಮೋಸ ಮಾಡಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವಿರುವ ಜಿಲ್ಲೆಯ ಆಯೋಗಕ್ಕೇ ಎರಡು ವರ್ಷದೊಳಗೆ ದೂರು ಕೊಡಬಹುದು. ನನ್ನದು ಎರಡೂ ಆಗಿರಲಿಲ್ಲ. ಓಡಿಸಿದವನು ನಾನು, ಮುಳ್ಳು ನೋಡಿದವನೂ ನಾನೇ.

ಯಂತ್ರ ಸವೆಯುತ್ತದೆ, ಅದರ ಖರ್ಚು ನಮ್ಮದೇ ಎಂಬುದು ನಮ್ಮ ರೈತರಿಗೆ ಹೊಸ ಮಾತಲ್ಲ. ಬೋರ್‌ವೆಲ್ ಮೋಟರ್ ಒಂದಲ್ಲ ಒಂದು ದಿನ ಸುಡುತ್ತದೆ, ವೈಂಡಿಂಗ್ ಮಾಡಿಸಬೇಕಾಗುತ್ತದೆ ಎಂದು ಗೊತ್ತಿದ್ದೇ ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸುತ್ತಾರೆ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಬಂದ ದುಡ್ಡಿನಲ್ಲಿ ಮೋಟರಿಗೆ ಇಷ್ಟು ಎಂದು ಡಬ್ಬಿಯಲ್ಲಿ ಎತ್ತಿಡುವ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಕಾರಿಗೆ ಮಾತ್ರ ನಾವು ಡೀಸೆಲ್ ಲೆಕ್ಕ ಇಡುತ್ತೇವೆ, ಕಂತಿನ ಲೆಕ್ಕ ಇಡುತ್ತೇವೆ, ಸವೆತದ ಲೆಕ್ಕ ಇಡುವುದಿಲ್ಲ. ಕಂತು ಮುಗಿದ ತಿಂಗಳು ಹೊರೆ ಇಳಿಯಿತು ಎಂದು ಉಸಿರುಬಿಡುತ್ತೇವೆ. ಅಷ್ಟರಲ್ಲಿ ವಾರಂಟಿಯೂ ಮುಗಿದಿರುತ್ತದೆ. ಕಿಲೋಮೀಟರಿಗೆ ಒಂದು ರೂಪಾಯಿ ಎತ್ತಿಟ್ಟರೂ, ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಗಾಡಿಗೆ ಐದು ವರ್ಷದಲ್ಲಿ 60,000 ರೂಪಾಯಿ ಕೂಡುತ್ತದೆ. ಬಾಡಿಗೆ ಗಾಡಿಯಿಂದಲೇ ಸಂಸಾರ ಸಾಗಿಸುವವರಿಗೆ ಇದು ಇನ್ನೂ ದೊಡ್ಡ ಮಾತು. ಅವರ ಇಂಜಿನ್ ಗ್ಯಾರೇಜಿನ ನೆಲದ ಮೇಲೆ ಹದಿನೈದು ದಿನ ಬಿಚ್ಚಿಕೊಂಡು ಕೂತರೆ, ಮನೆಗೆ ಹದಿನೈದು ದಿನದ ದುಡಿಮೆಯೂ ಇಲ್ಲ.

ಗ್ಯಾರೇಜಿಗೆ ಬಂದಿದ್ದ ಒಬ್ಬರು ನನಗೊಂದು ದಾರಿ ಹೇಳಿದರು. ಗ್ಯಾಸ್ಕೆಟ್ ಮಾತ್ರ ಹಾಕಿಸಿ, ದಪ್ಪ ಆಯಿಲ್ ಸುರಿದರೆ ಬೇರಿಂಗಿನ ಸದ್ದು, ಹೊಗೆ ಸ್ವಲ್ಪ ದಿನ ಅಡಗುತ್ತದಂತೆ, ಅಷ್ಟರಲ್ಲಿ ಮಾರಿಬಿಡಬೇಕಂತೆ. ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಗಾಡಿ ಕೊಳ್ಳಲು ಬರುವವರು ಯಾರು? ಸಂಘದಲ್ಲಿ ಸಾಲ ಎತ್ತಿ, ಟ್ಯಾಕ್ಸಿ ಓಡಿಸಿ ಬದುಕೋಣ ಎಂದು ಹೊರಟ ಹುಡುಗರೇ ಹೆಚ್ಚು. ನಾನು ಓಡಿಸಿದ ಕಿಲೋಮೀಟರುಗಳ ಬಿಲ್ಲು ಆ ಹುಡುಗನ ಕೈಗೆ ಹೋಗಬೇಕೇ? ಮರುದಿನ ಅಂದಾಜು ಖರ್ಚನ್ನು ಬರೆಸಿಕೊಂಡು, ತೆಗೆದ ಹಳೆಯ ಸಾಮಾನನ್ನೆಲ್ಲ ತೋರಿಸಬೇಕೆಂದು ಹೇಳಿ, ಇಂಜಿನ್ ಪೂರ್ತಿ ಮಾಡಿಸಲು ಒಪ್ಪಿಕೊಂಡೆ. ಬಿಚ್ಚಿ ನೋಡಿದರೆ ಬೇರಿಂಗಿನ ಮೇಲೆ ಉಗುರಿಗೆ ಸಿಗುವಷ್ಟು ಗೀರುಗಳಿದ್ದವು. ದುಡ್ಡು ನೋಯಿಸಿತು, ನಿಜ. ಕೊಟ್ಟದ್ದು ಸರಿ ಎಂದೇ ಇಂದಿಗೂ ನಂಬಿದ್ದೇನೆ.

ಗಾಡಿ ಮಾರಲು ಹೊರಟವರು ಯಾರಾದರೂ ಈ ಬೆಳಗ್ಗೆ ಕೇಳುತ್ತಿದ್ದರೆ, ಕೀ ಜೊತೆಗೆ ರಿಪೇರಿ ಬಿಲ್ಲುಗಳನ್ನೂ ಕೊಡಿ. ಇಂಜಿನ್ನಿನಲ್ಲಿ ತೊಂದರೆ ಇದ್ದರೆ, ಬೆಲೆ ಹೇಳುವ ಮೊದಲೇ ಅದನ್ನು ಹೇಳಿಬಿಡಿ.