ಬುಟ್ಟಿ ಗದ್ದೆಗೆ ಹೋಗಲಿ, ಬಹುಮಾನ ಮನೆಗೆ ಬರಲಿ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಚಿತ್ತಾರ ಸ್ಪರ್ಧೆ ಇಟ್ಟು, ಸಂಘದಿಂದ ಬಹುಮಾನ ಕೊಡಬೇಕು ಎಂದು ಆಡಳಿತ ಮಂಡಳಿಯಲ್ಲಿ ಯೋಚಿಸಿದ್ದೇವೆ. ಅದರ ಬಗ್ಗೆ ನಾಲ್ಕು ಮಾತು ಹೇಳಲು ನಮಗೆ ಅವಕಾಶ ಕೊಟ್ಟಿದ್ದೀರಿ, ವಂದನೆಗಳು.

ಮೊದಲು ಕೆಲವು ಸದಸ್ಯರ ಪ್ರಶ್ನೆಗೆ ಉತ್ತರ. "ಸಂಘ ಇರೋದು ಸಾಲ, ಗೊಬ್ಬರ, ಬೀಜ ಕೊಡೋಕೆ. ಚಿತ್ರಕ್ಕೆ ಯಾಕೆ ದುಡ್ಡು?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಸಹಕಾರದ 7 ತತ್ವಗಳನ್ನು ಒಪ್ಪಿಕೊಂಡಿತು. ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಸದಸ್ಯರು ಒಪ್ಪಿದ ನೀತಿಯಂತೆ ಊರಿನ ಬಾಳಿಕೆಯ ಏಳಿಗೆಗೆ ದುಡಿಯಬೇಕು ಎಂಬುದು ಅದರ ಸಾರ. ಅದಕ್ಕೇ ನಿಮ್ಮ ಒಪ್ಪಿಗೆ ಕೇಳ್ತಾ ಇದ್ದೇವೆ.

ಸಾಗರ, ಸೊರಬ, ಹೊಸನಗರ ಸೀಮೆಯ ನಮಗೆ ಈ ಬುಟ್ಟಿ ಹೊಸದಲ್ಲ. ಆಶ್ವೀಜ ಮಾಸದ ಹುಣ್ಣಿಮೆಗೆ ಭತ್ತ ಹೊಡೆ ತುಂಬಿರ್ತದೆ. ಬಸುರಿಗೆ ಬಯಕೆ ಊಟ ಹಾಕಿದ ಹಾಗೆ ಭೂಮಿತಾಯಿಗೆ ಉಣಿಸ್ತೇವೆ. ರಾತ್ರಿಯೆಲ್ಲ ಅಡಿಗೆ ಮಾಡಿ, ಬೆಳಗಿನ ಜಾವ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ತೇವೆ. ಕಾಗೆಗೂ ಇಲಿಗೂ ಎಡೆ ಇಡ್ತೇವೆ. ಆ ಬುಟ್ಟಿಗೆ ದೀವರ ಸಮಾಜದ ತಾಯಂದಿರು ಬರೆಯುವ ಚಿತ್ತಾರ ಇವತ್ತು ನಾಡಿನಾಚೆಗೂ ಹೆಸರಾಗಿದೆ.

ಆ ಚಿತ್ತಾರದ ಸಾಮಾನು ಯಾವುದು? ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚುವುದು. ಬಿಳಿಗೆ ಅಕ್ಕಿ ಅರೆದ ಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಒಂದೂ ಅಂಗಡಿಯಿಂದ ಬಂದದ್ದಲ್ಲ. ಕೆಲಸ ಮುಗಿದ ಮೇಲೆ ಎಲ್ಲವೂ ಮಣ್ಣಿಗೇ ಹೋಗ್ತದೆ.

ಈಗ ಏನಾಗಿದೆ? ಡಬ್ಬಿ ಪೇಂಟು ಬಂದಿದೆ. ಹೊಳಪು ಜಾಸ್ತಿ, ಮಳೆ ಹನಿ ಬಿದ್ದರೂ ಹೋಗೋದಿಲ್ಲ. ಆದರೆ ಈ ಬುಟ್ಟಿಯಲ್ಲಿ ಇಡುವುದು ಅನ್ನ. ಪೇಂಟಿನಲ್ಲಿ ಸೀಸದ ಅಂಶ ಇರಬಹುದು ಎಂಬ ಕಾರಣಕ್ಕೇ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂದಿತು. ಗೋಡೆಗೇ ಇಷ್ಟು ಎಚ್ಚರಿಕೆ ಬೇಕಾದರೆ, ತಾಯಿಗೆ ಉಣಿಸುವ ಬುಟ್ಟಿಗೆ ಎಷ್ಟು ಬೇಕು?

"ಮಣ್ಣಿನ ಬಣ್ಣ ಬಾಳಿಕೆ ಬರೋದಿಲ್ಲ" ಅನ್ನೋರಿದ್ದಾರೆ. ನಿಜ, ಬರೋದಿಲ್ಲ. ನಮ್ಮ ಮಾತು ಇಷ್ಟೇ: ಬಣ್ಣ ಬಾಳಿಕೆ ಬರದಿದ್ದರಿಂದಲೇ ವಿದ್ಯೆ ಬಾಳಿಕೆ ಬಂದಿದೆ. ವರ್ಷ ವರ್ಷ ಹೊಸದಾಗಿ ಬರೆಯಬೇಕಾದ್ದರಿಂದ ಅಜ್ಜಿಯ ಪಕ್ಕ ಮೊಮ್ಮಗಳು ಕೂತಳು, ಅತ್ತೆಯ ಪಕ್ಕ ಸೊಸೆ ಕೂತಳು. ಪೇಂಟು ಹಚ್ಚಿದ ಬುಟ್ಟಿ ಐದು ವರ್ಷ ಅಟ್ಟದ ಮೇಲೆ ಚೆನ್ನಾಗಿಯೇ ಇರ್ತದೆ. ಆ ಐದು ವರ್ಷ ಯಾರೂ ಎಳೆ ಎಳೆಯೋದಿಲ್ಲ. ಆರನೇ ವರ್ಷಕ್ಕೆ ಕೈಗೆ ಮರೆತಿರ್ತದೆ, ಹೇಳಿಕೊಡೋ ಅಜ್ಜಿಯೂ ಇರೋದಿಲ್ಲ.

ಬಹುಮಾನವೇ ಈ ಹಾಳಿಗೆ ದಾರಿಯಾಗಬಾರದು. ದೂರದಿಂದ ನೋಡಿ ಹೊಳೆಯುವ ಬುಟ್ಟಿಗೆ ಕೊಟ್ಟರೆ ಮುಂದಿನ ವರ್ಷ ಊರೆಲ್ಲ ಪೇಂಟೇ. ಆದ್ದರಿಂದ ಈ ನಿಯಮಗಳನ್ನು ನಿಮ್ಮ ಮುಂದೆ ಇಡುತ್ತೇವೆ:

1. ಬುಟ್ಟಿ ಬಿದಿರಿನದೇ ಆಗಬೇಕು. ಹೆಣೆದವರಿಗೂ ಬಹುಮಾನದಲ್ಲಿ ಪಾಲು ಉಂಟು.

2. ಮಿಕ್ಕ ಬಣ್ಣವನ್ನು ತೆಂಗಿನ ಗರಟೆಯಲ್ಲಿ, ಕುಂಚದ ಸಮೇತ ತರಬೇಕು.

3. ಹಿರಿಯರೊಬ್ಬರು, ಕಿರಿಯರೊಬ್ಬರು ಜೋಡಿಯಾಗಿ ಬರೆಯಬೇಕು. ಜಾತಿ ಮತದ ಭೇದವಿಲ್ಲ, ಗಂಡುಮಕ್ಕಳೂ ಬರಬಹುದು.

4. 100 ಅಂಕದಲ್ಲಿ ಚಿತ್ತಾರಕ್ಕೆ 40, ಬಣ್ಣ ಮತ್ತು ಸಾಮಾನಿಗೆ 40. ಬರೆದದ್ದು ಭತ್ತದ ಸಸಿಯೋ ಎತ್ತಿನ ಗಾಡಿಯೋ, ಅದರ ಅರ್ಥ ಏನು ಎಂದು ಕಿರಿಯರು ಹೇಳಿದರೆ 20. ತೀರ್ಪುಗಾರರಲ್ಲಿ ಚಿತ್ತಾರ ಬಲ್ಲ ಅಜ್ಜಿಯರು ಇರಲೇಬೇಕು.

5. ಪ್ರದರ್ಶನ ಹುಣ್ಣಿಮೆಯ ಹಿಂದಿನ ದಿನ. ಸಂಜೆಗೆ ಬುಟ್ಟಿ ಮನೆಗೆ ಹೋಗಬೇಕು. ಸಂಘದ ಗಾಜಿನ ಬೀರುವಿನಲ್ಲಿ ಇಡೋದಿಲ್ಲ. ಅದರ ಜಾಗ ಗದ್ದೆ.

6. ಫ್ಲೆಕ್ಸು, ಥರ್ಮಾಕೋಲು, ಪ್ಲಾಸ್ಟಿಕ್ ಫಲಕ ಬೇಡ. ಹಣ ಗೆದ್ದವರ ಉಳಿತಾಯ ಖಾತೆಗೆ ನೇರ ಜಮಾ.

ಪರಿಸರದ ಭಾಷಣ ನಾವೆಲ್ಲ ಬೇಕಾದಷ್ಟು ಕೇಳಿದ್ದೇವೆ. ನಮ್ಮ ತಾಯಂದಿರು ಭಾಷಣ ಮಾಡಲಿಲ್ಲ, ಬುಟ್ಟಿಯ ಮೇಲೆ ಬರೆದು ತೋರಿಸಿದರು. 25 ವರ್ಷ ಸಾಲ ವಸೂಲಿ ಮಾಡಿದ ಸಂಘ, ಅವರ ಋಣವನ್ನು ಸ್ವಲ್ಪವಾದರೂ ತೀರಿಸಲಿ. ಮಹಾಸಭೆ ಕೈ ಎತ್ತಿ ಒಪ್ಪಿಗೆ ಕೊಡಬೇಕೆಂದು ಪ್ರಾರ್ಥಿಸಿ, ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.