ಗೋಲಿನ ಬಾಗಿಲಲ್ಲಿ ನಿಂತವನ ಬೆಲೆ

(ವಾಚನಾಲಯದ ರವಿವಾರದ ಬೈಠಕಿನಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಆಟದ ಪುಟ. ಓದು ಮುಗಿದ ಕೂಡಲೇ ವಾದ ಸುರುವಾಗುತ್ತದೆ. ಒಬ್ಬರು ಒಬ್ಬ ಆಟಗಾರನನ್ನು ಅಟ್ಟಕ್ಕೇರಿಸುತ್ತಾರೆ. ಇನ್ನೊಬ್ಬರು ಅದೆಲ್ಲ ಪೇಪರಿನವರ ಡಂಗುರವೆಂದು ಕೆಳಗಿಳಿಸುತ್ತಾರೆ. ಕಡೆಗೆ ಯಾರ ದನಿ ದೊಡ್ಡದೋ ಅವರ ಮಾತೇ ನಿಲ್ಲುತ್ತದೆ. ಹೊಗಳಿಕೆಯನ್ನು ತೂಗಿ ನೋಡಲು ನ್ಯಾಯವಾದ ತಕ್ಕಡಿ ಇದೆಯೇ ಎಂಬುದೇ ಇಂದಿನ ನಮ್ಮ ವಿಷಯ.

ಕ್ರಿಕೆಟ್ಟಿನ ಹೆಸರೆತ್ತಿದರೆ ನಮ್ಮಲ್ಲೇ ಪಕ್ಷಗಳಾಗುತ್ತವೆ. ಆದುದರಿಂದ ಇಲ್ಲಿ ಯಾರಿಗೂ ಬಂಧುವಲ್ಲದ, ಯಾರಿಗೂ ವೈರಿಯಲ್ಲದ ಒಬ್ಬನನ್ನು ಆರಿಸಿಕೊಂಡಿದ್ದೇವೆ. ಆತ ಕೆನಡಾ ದೇಶದ ಐಸ್ ಹಾಕಿಯ ಗೋಲ್‌ಕೀಪರ ಕ್ಯಾರಿ ಪ್ರೈಸ್. ಇಂಗ್ಲಿಷಿನಲ್ಲಿ ಆತನ ಅಡ್ಡಹೆಸರಿನ ಅರ್ಥವೇ ‘ಬೆಲೆ’. ಆ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕೋಣ.

ಮೊದಲು ಆಟದ ಪರಿಚಯ. ಗಟ್ಟಿಯಾದ ಮಂಜುಗಡ್ಡೆಯ ಅಂಗಳ. ಆಟಗಾರರ ಕಾಲಲ್ಲಿ ಉಕ್ಕಿನ ಅಲಗುಳ್ಳ ಬೂಟು. ಪಕ್ಷಕ್ಕೆ ಆರು ಜನ, ಅವರಲ್ಲಿ ಒಬ್ಬ ಗೋಲ್‌ಕೀಪರ. ೨೦ ನಿಮಿಷದ ಮೂರು ಪಾಳಿ. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ೩ ಅಂಗುಲ ಅಗಲ, ೧ ಅಂಗುಲ ದಪ್ಪ. ನಾವು ಬಲ್ಲ ಮೈದಾನದ ಹಾಕಿಯಲ್ಲಿ ಗೋಲಿನ ಅಗಲ ೧೨ ಅಡಿ, ಎತ್ತರ ೭ ಅಡಿ. ಇಲ್ಲಿ ಅಗಲ ೬ ಅಡಿ, ಎತ್ತರ ೪ ಅಡಿ ಮಾತ್ರ. ಬಾಗಿಲು ಚಿಕ್ಕದು, ನಿಜ. ಆದರೆ ಬಲವಾದ ಹೊಡೆತಕ್ಕೆ ಬಿಲ್ಲೆ ತಾಸಿಗೆ ೧೬೦ ಕಿಲೋಮೀಟರಿಗೂ ಮೀರಿದ ವೇಗದಿಂದ ಬರುತ್ತದೆ. ಕಣ್ಣೆದುರಿಗೆ ನಾಲ್ಕಾರು ಜನ ಅಡ್ಡ ನಿಂತಿರುತ್ತಾರೆ. ಮುಂದಿನವನು ತಪ್ಪಿದರೆ ತಿದ್ದಲು ಹಿಂದೊಬ್ಬನಿದ್ದಾನೆ. ಗೋಲ್‌ಕೀಪರನು ತಪ್ಪಿದರೆ ಹಿಂದಿರುವುದು ಬಲೆ ಮಾತ್ರ.

ಪ್ರೈಸ್ ಹುಟ್ಟಿದ್ದು ೧೯೮೭ರಲ್ಲಿ. ಬೆಳೆದದ್ದು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಒಳನಾಡಿನ ಅನಾಹಿಮ್ ಲೇಕ್ ಎಂಬ ಸಣ್ಣ ಊರಿನಲ್ಲಿ. ತಾಯಿ ಅಲ್ಲಿಯ ಮೂಲನಿವಾಸಿ ಜನಾಂಗದವರು. ಉಲ್ಕಾಚೋ ಜನರ ಮುಖ್ಯಸ್ಥೆಯಾಗಿದ್ದವರು. ಆಟ ಕಲಿಯಬೇಕಾದರೆ ಸುಮಾರು ಮುನ್ನೂರು ಕಿಲೋಮೀಟರು ದೂರದ ವಿಲಿಯಮ್ಸ್ ಲೇಕ್ ಪಟ್ಟಣಕ್ಕೆ ಹೋಗಬೇಕಾಗಿತ್ತು. ತಂದೆ ಒಂದು ಸಣ್ಣ ವಿಮಾನ ಕೊಂಡು ಮಗನನ್ನು ತಾವೇ ಹಾರಿಸಿಕೊಂಡು ಹೋಗುತ್ತಿದ್ದರು. ೨೦೦೫ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಆತನನ್ನು ಆರಿಸಿಕೊಂಡಿತು; ಆ ವರ್ಷದ ಆಯ್ಕೆಯಲ್ಲಿ ಆತ ಐದನೆಯವನು.

ಅದು ಸಾಮಾನ್ಯ ತಂಡವಲ್ಲ. ಆ ಆಟದ ಅತಿ ದೊಡ್ಡ ಬಹುಮಾನವಾದ ಸ್ಟ್ಯಾನ್ಲಿ ಕಪ್ಪನ್ನು ೨೪ ಸಲ ಗೆದ್ದ ತಂಡ. ವರ್ಷದ ಶ್ರೇಷ್ಠ ಗೋಲ್‌ಕೀಪರನಿಗೆ ಕೊಡುವ ವೆಜಿನಾ ಪಾರಿತೋಷಕ ಇದೇ ತಂಡದ ಹಳೆಯ ಗೋಲ್‌ಕೀಪರನ ಹೆಸರಿನದು. ೧೯೫೯ರಲ್ಲಿ ಮುಖಕ್ಕೆ ಪೆಟ್ಟು ಬಿದ್ದ ಮೇಲೆ ಮುಖವಾಡ ತೊಟ್ಟು ಬಂದು, ಅದನ್ನು ರೂಢಿಗೆ ತಂದ ಜಾಕ್ ಪ್ಲಾಂಟ್ ಈ ತಂಡದವನೇ. ಎಂಟು ಋತುಗಳಲ್ಲಿ ಆರು ಕಪ್ ಗೆದ್ದ ಕೆನ್ ಡ್ರೈಡನ್ನನೂ ಇಲ್ಲಿಯವನೇ. ಇಂಥ ಗಾದಿಯ ಮೇಲೆ ಕುಳಿತ ಹುಡುಗನನ್ನು ಜನ ಮೊದಲ ದಿನದಿಂದಲೇ ದೊಡ್ಡವರೊಡನೆ ಹೋಲಿಸಿದರು. ೨೦೧೦ರ ಕಪ್ ಪಂದ್ಯಗಳಲ್ಲಿ ಆತನನ್ನು ಬೆಂಚಿನ ಮೇಲೆ ಕೂರಿಸಿ ಹಾಲಾಕ್ ಎಂಬ ಜೊತೆಗಾರನನ್ನು ಆಡಿಸಿದರು. ಆದರೆ ಅದೇ ಬೇಸಿಗೆಯಲ್ಲಿ ಹಾಲಾಕನನ್ನು ಬೇರೆ ತಂಡಕ್ಕೆ ಕೊಟ್ಟು ಪ್ರೈಸನನ್ನೇ ಉಳಿಸಿಕೊಂಡರು. ಹೊಗಳಿಕೆ, ತೆಗಳಿಕೆ ಎರಡೂ ಅಲ್ಲಿಂದ ಬೆಳೆಯುತ್ತಲೇ ಹೋದವು.

ಈಗ ತಕ್ಕಡಿಗೆ ಬರೋಣ. ಸಾಮಾನ್ಯ ಜನರ ತಕ್ಕಡಿ ಒಂದೇ: ‘ಕಪ್ ಗೆದ್ದನೇ?’ ಇದರಲ್ಲಿ ತೂಗಿದರೆ ಪ್ರೈಸನ ತಟ್ಟೆ ಖಾಲಿ. ಆತ ಒಮ್ಮೆಯೂ ಸ್ಟ್ಯಾನ್ಲಿ ಕಪ್ ಗೆಲ್ಲಲಿಲ್ಲ. ೨೦೨೧ರಲ್ಲಿ ಮಾತ್ರ ತಂಡ ಕೊನೆಯ ಸುತ್ತಿಗೆ ಬಂದು, ಟ್ಯಾಂಪಾ ಬೇ ತಂಡಕ್ಕೆ ೪–೧ರಿಂದ ಸೋತಿತು. ಆ ಐದು ಪಂದ್ಯಗಳಲ್ಲಿ ಎದುರಾಳಿಗಳು ಹೊಡೆದ ಗೋಲು ೧೭. ಮಾಂಟ್ರಿಯಲ್ಲಿನವರು ಹೊಡೆದದ್ದು ೮. ಗೋಲ್‌ಕೀಪರನು ಗೋಲು ತಡೆಯಬಲ್ಲ. ಗೋಲು ಹೊಡೆಯುವ ಕೆಲಸ ಆತನದಲ್ಲ. ಎಂಟು ಗೋಲಿನಲ್ಲಿ ನಾಲ್ಕು ಪಂದ್ಯ ಗೆಲ್ಲುವುದು ಬಹಳ ಕಷ್ಟ. ಹತ್ತು ಕೈ ಸೇರಿ ಮಾಡುವ ಕೆಲಸದ ಫಲವನ್ನು ಒಂದೇ ಕೈಗೆ ಕಟ್ಟುವುದು ನ್ಯಾಯವಲ್ಲ. ಗೆದ್ದಾಗ ಕಟ್ಟುವುದೂ ಅನ್ಯಾಯವೇ.

ಎರಡನೆಯ ತಕ್ಕಡಿ ನಮ್ಮಂಥ ಗುಮಾಸ್ತರಿಗೆ ಒಪ್ಪುವಂಥದು: ಬಂದ ಹೊಡೆತ ಎಷ್ಟು, ತಡೆದದ್ದು ಎಷ್ಟು ಎಂಬ ದಾಖಲೆ. ೨೦೧೪–೧೫ರ ಋತುವಿನಲ್ಲಿ ಪ್ರೈಸ್ ೬೬ ಪಂದ್ಯ ಆಡಿ ೪೪ ಗೆದ್ದ. ತಂಡದ ಇತಿಹಾಸದಲ್ಲಿ ಒಂದೇ ಋತುವಿನಲ್ಲಿ ಅಷ್ಟು ಗೆಲುವು ಹಿಂದೆ ಯಾರಿಗೂ ದಕ್ಕಿರಲಿಲ್ಲ. ಸಾವಿರ ಹೊಡೆತಕ್ಕೆ ೯೩೩ ತಡೆದ. ಆ ವರ್ಷ ಇಡೀ ಲೀಗಿನ ಸರಾಸರಿ ಸಾವಿರಕ್ಕೆ ಸುಮಾರು ೯೧೫.

ವ್ಯತ್ಯಾಸ ಹದಿನೆಂಟೇ ತಾನೇ ಎಂದು ಮೂಗು ಮುರಿಯಬೇಡಿರಿ. ಆತನ ಮೇಲೆ ಆ ವರ್ಷ ಬಂದ ಹೊಡೆತ ಸುಮಾರು ೧,೯೫೦. ಸಾವಿರಕ್ಕೆ ೧೮ರಂತೆ ಲೆಕ್ಕ ಹಾಕಿದರೆ ಸಾಧಾರಣ ಗೋಲ್‌ಕೀಪರನಿಗಿಂತ ಸುಮಾರು ೩೫ ಗೋಲು ಹೆಚ್ಚು ತಡೆದಂತಾಯಿತು. ೬೬ ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ ಅರ್ಧ ಗೋಲು. ಒಂದು ಗೋಲಿನ ಅಂತರದಲ್ಲಿ ಎಷ್ಟೋ ಪಂದ್ಯಗಳು ತೀರ್ಮಾನವಾಗುವ ಆಟದಲ್ಲಿ ಇದು ದೊಡ್ಡ ಗಳಿಕೆ. ಆ ವರ್ಷ ವೆಜಿನಾ ಪಾರಿತೋಷಕವೂ, ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹಾರ್ಟ್ ಪಾರಿತೋಷಕವೂ ಆತನಿಗೇ ಬಂದವು.

ಆದರೆ ಲೆಕ್ಕದ ಪುಸ್ತಕವೂ ಪೂರ್ತಿ ಸತ್ಯ ಹೇಳುವುದಿಲ್ಲ ಎಂಬುದು ಗಿರಣಿಯಲ್ಲಿ ಕೆಲಸ ಮಾಡುವ ನಮಗೆ ಗೊತ್ತು. ಇಬ್ಬರು ನೇಕಾರರ ಬಟ್ಟೆಯ ಅಳತೆ ಬೇರೆ ಬೇರೆ ಬಂದರೆ, ಯಾರ ಮಗ್ಗಕ್ಕೆ ಒಳ್ಳೆಯ ನೂಲು ಬಂತು, ಯಾರಿಗೆ ಗಳಿಗೆಗೊಮ್ಮೆ ಹರಿಯುವ ನೂಲು ಬಂತು ಎಂದು ಕೇಳದೆ ತೀರ್ಪು ಕೊಡಲಾಗದು. ೨೦೧೪ರ ಸೋಚಿ ಒಲಿಂಪಿಕ್ಸಿನಲ್ಲಿ ಪ್ರೈಸ್ ಐದು ಪಂದ್ಯಗಳಲ್ಲಿ ೧೦೬ ಹೊಡೆತಗಳ ಪೈಕಿ ೧೦೩ ತಡೆದ. ಕೊನೆಯ ಎರಡು ಪಂದ್ಯಗಳಲ್ಲಿ ಒಂದೂ ಗೋಲು ಬಿಡಲಿಲ್ಲ. ಕೆನಡಾ ಚಿನ್ನ ಗೆದ್ದಿತು. ಬೆರಗಿನ ಲೆಕ್ಕವೇ ಸರಿ. ಆದರೆ ಪಂದ್ಯಕ್ಕೆ ಇಪ್ಪತ್ತೊಂದೇ ಹೊಡೆತ ಬಂದವೆಂಬುದನ್ನೂ ನೋಡಬೇಕು. ಆತನ ಮುಂದೆ ನಿಂತವರು ದೇಶದ ಆಯ್ದ ಆಟಗಾರರು. ಅಲ್ಲಿ ನೂಲು ಚೆನ್ನಾಗಿತ್ತು.

ಆದುದರಿಂದ ಮೂರನೆಯ ತಕ್ಕಡಿ ಬೇಕು: ಆತ ಇಲ್ಲದಾಗ ಏನಾಯಿತು? ಗಿರಣಿಯಲ್ಲಿ ಒಬ್ಬನ ಕೆಲಸದ ಬೆಲೆ ಆತ ರಜೆಯ ಮೇಲೆ ಹೋದಾಗ ತಿಳಿಯುತ್ತದೆ. ೨೦೧೫–೧೬ರ ಋತುವಿನಲ್ಲಿ ಮಾಂಟ್ರಿಯಲ್ ತಂಡ ಮೊದಲ ಒಂಬತ್ತು ಪಂದ್ಯಗಳನ್ನು ಸಾಲಾಗಿ ಗೆದ್ದಿತು. ಪ್ರೈಸ್ ಆಡಿದ್ದು ೧೨ ಪಂದ್ಯ, ಗೆದ್ದದ್ದು ೧೦. ನವಂಬರಿನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಆ ವರ್ಷ ಮತ್ತೆ ಆಡಲಿಲ್ಲ. ಉಳಿದ ಗೋಲ್‌ಕೀಪರರು ನಿಂತ ೭೦ ಪಂದ್ಯಗಳಲ್ಲಿ ತಂಡ ಗೆದ್ದದ್ದು ೨೮ ಮಾತ್ರ. ಹಿಂದಿನ ವರ್ಷ ೫೦ ಪಂದ್ಯ ಗೆದ್ದ ತಂಡ ಕಪ್ಪಿನ ಸುತ್ತಿಗೇ ಬರಲಿಲ್ಲ. ೧೨ ಪಂದ್ಯ ಸಣ್ಣ ಲೆಕ್ಕವೆಂಬುದು ನಿಜ. ಆದರೂ ಮನೆಯ ಕಂಬ ಯಾವುದೆಂಬುದು ಅದನ್ನು ತೆಗೆದಾಗಲೇ ಕಂಡಿತು.

ಇನ್ನು ಎದುರು ಪಕ್ಷದ ಮಾತು. ೨೦೧೭ರ ಜುಲೈಯಲ್ಲಿ ತಂಡದವರು ಆತನೊಡನೆ ಎಂಟು ವರ್ಷದ ಹೊಸ ಕರಾರು ಮಾಡಿಕೊಂಡರು. ಮೊಬಲಗು ೮ ಕೋಟಿ ೪೦ ಲಕ್ಷ ಡಾಲರು. ವರ್ಷಕ್ಕೆ ಸರಾಸರಿ ೧ ಕೋಟಿ ೫ ಲಕ್ಷ. ಆಗ ಯಾವ ಗೋಲ್‌ಕೀಪರನಿಗೂ ಅಷ್ಟು ಪಗಾರವಿರಲಿಲ್ಲ. ಆ ಕರಾರು ೨೦೧೮–೧೯ರಿಂದ ಜಾರಿಗೆ ಬರಬೇಕಾಗಿತ್ತು. ನಡುವಿನ ೨೦೧೭–೧೮ರಲ್ಲಿ ಆತ ೪೯ ಪಂದ್ಯ ಆಡಿ ೧೬ ಮಾತ್ರ ಗೆದ್ದ. ಸಾವಿರಕ್ಕೆ ತಡೆದದ್ದು ೯೦೦, ಸರಾಸರಿಗಿಂತ ಕಡಿಮೆ. ಮರುವರ್ಷ ಚೇತರಿಸಿಕೊಂಡನಾದರೂ ೨೦೧೫ರ ಎತ್ತರಕ್ಕೆ ಮತ್ತೆ ಏರಲಿಲ್ಲ.

‘ಸರ್ವಕಾಲದಲ್ಲೂ ಶ್ರೇಷ್ಠ’ ಎಂಬ ಹೊಗಳಿಕೆಯನ್ನೂ ತೂಗೋಣ. ಚೆಕ್ ದೇಶದ ಡೊಮಿನಿಕ್ ಹಾಶೆಕ್ ೧೯೯೩–೯೪ರಿಂದ ೧೯೯೮–೯೯ರವರೆಗೆ ಸಾಲಾಗಿ ಆರು ಋತು ತಡೆದ ಪ್ರಮಾಣದಲ್ಲಿ ಲೀಗಿಗೇ ಮೊದಲಿಗನಾಗಿದ್ದ. ವೆಜಿನಾ ಆರು ಸಲ, ಹಾರ್ಟ್ ಎರಡು ಸಲ ಆತನಿಗೆ ಬಂದವು. ಪ್ರೈಸನಿಗೆ ಎರಡೂ ಒಂದೊಂದು ಸಲ. ಆಟದ ಬಾಳೆಲ್ಲ ಕೂಡಿಸಿದರೆ ಹಾಶೆಕ್ ಸಾವಿರಕ್ಕೆ ೯೨೨, ಪ್ರೈಸ್ ೯೧೭. ಶಿಖರಕ್ಕೇರಿದವನು ಬೇರೆ, ಆರು ವರ್ಷ ಅಲ್ಲೇ ಮನೆ ಮಾಡಿದವನು ಬೇರೆ.

ನಮ್ಮ ತೀರ್ಪು ಹೀಗಿದೆ. ಪ್ರೈಸ್ ತನ್ನ ಕಾಲದ ಅತ್ಯುತ್ತಮರಲ್ಲಿ ಒಬ್ಬನೆಂಬ ಹೊಗಳಿಕೆ ದುಡಿದು ಗಳಿಸಿದ್ದು. ೨೦೧೪–೧೫ರಲ್ಲಂತೂ ಆತನಿಗೆ ಸಮಾನರಿರಲಿಲ್ಲ. ಸರ್ವಕಾಲದ ಶ್ರೇಷ್ಠನೆಂಬುದು ಅಭಿಮಾನಿಗಳ ಬಡ್ಡಿ. ಅದನ್ನು ಖಾತೆಯಿಂದ ಕಳೆಯಬೇಕು. ಕಪ್ ಗೆಲ್ಲದವನೆಂಬ ಹಳಿವು ಇಡೀ ತಂಡದ ಸಾಲ; ಅದನ್ನೂ ಆತನ ಖಾತೆಯಿಂದ ಕಳೆಯಬೇಕು. ದೊಡ್ಡ ಪಗಾರವು ಹಿಂದಿನ ಹೆಸರಿಗೆ ಕೊಟ್ಟ ಬೆಲೆ. ಕೊಟ್ಟವರ ಅಂದಾಜು ತಪ್ಪಿದ್ದರೆ ಪಡೆದವನನ್ನು ಬೈಯುವುದು ಸರಿಯಲ್ಲ.

ಇನ್ನೊಂದು ಮಾತು ಹೇಳಲೇಬೇಕು. ೨೦೨೧ರ ಆ ಕೊನೆಯ ಸುತ್ತಿನ ಬಳಿಕ ಪ್ರೈಸನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ಶರತ್ಕಾಲದಲ್ಲಿ ಆತ ಆಟ ಬಿಟ್ಟು ಚಿಕಿತ್ಸೆಗೆ ಹೋದ. ವ್ಯಸನದಿಂದ ಹೊರಬರಲು ನೆರವು ಪಡೆದೆನೆಂದು ತಾನೇ ಬಹಿರಂಗವಾಗಿ ತಿಳಿಸಿದ. ೨೦೨೨ರ ಏಪ್ರಿಲಿನಲ್ಲಿ ಮರಳಿ ಐದು ಪಂದ್ಯ ಆಡಿದ, ಅವೇ ಕೊನೆಯವು. ಒಟ್ಟು ೭೧೨ ಪಂದ್ಯ, ೩೬೧ ಗೆಲುವು; ಆ ಹಳೆಯ ತಂಡದಲ್ಲಿ ಯಾವ ಗೋಲ್‌ಕೀಪರನೂ ಅಷ್ಟು ಗೆದ್ದಿಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ಆತನ ಕರಾರನ್ನು ಸ್ಯಾನ್ ಹೋಸೆ ತಂಡಕ್ಕೆ ವರ್ಗ ಮಾಡಿದರು. ಮನುಷ್ಯ ಆಡುವಂತಿರಲಿಲ್ಲ, ಕಾಗದ ಮಾತ್ರ ಕೈ ಬದಲಾಯಿಸಿತು.

ಹೊಗಳಿಕೆಯ ಭಾರ ಹೊರುವವನಿಗೇ ಗೊತ್ತು. ನಾವು ಬಾಯಿ ಚಪಲಕ್ಕೆ ಆಡುವ ಮಾತು ಯಾರದೋ ಹೆಗಲ ಮೇಲೆ ಕೂಡುತ್ತದೆ. ಇದು ಗೋಲ್‌ಕೀಪರರಿಗಷ್ಟೇ ಸಂಬಂಧಿಸಿದ್ದಲ್ಲ. ನಮ್ಮ ಖಾತೆಯಲ್ಲೂ, ನಮ್ಮ ಸಂಘದಲ್ಲೂ ಕೊನೆಯ ಬಾಗಿಲಲ್ಲಿ ನಿಂತವರಿದ್ದಾರೆ. ಅವರು ತಡೆದ ನೂರು ತಪ್ಪು ಯಾರಿಗೂ ಕಾಣುವುದಿಲ್ಲ. ಬಿಟ್ಟ ಒಂದು ತಪ್ಪು ಎಲ್ಲರಿಗೂ ಕಾಣುತ್ತದೆ. ತೀರ್ಪು ಹೇಳುವ ಮೊದಲು ಮೂರು ಪ್ರಶ್ನೆ ಕೇಳೋಣ: ಇವರ ಪಾಲಿಗೆ ಬಂದ ಕೆಲಸ ಎಷ್ಟು? ಎಂಥ ನೂಲು ಕೊಟ್ಟಿದ್ದೆವು? ಇವರು ಒಂದು ದಿನ ಬಾರದಿದ್ದರೆ ಏನಾಗುತ್ತದೆ?

ಕಡೆಯದಾಗಿ, ೨೦೧೫ರಲ್ಲಿ ಪಾರಿತೋಷಕ ಸ್ವೀಕರಿಸುವಾಗ ಪ್ರೈಸ್ ತನ್ನ ಜನರ ಮಕ್ಕಳಿಗೆ ಧೈರ್ಯ ಹೇಳಿ, ತಾಯಿಯ ಕಡೆಯ ಪೂರ್ವಜರ ಭಾಷೆಯಲ್ಲಿ ಎರಡು ಮಾತನಾಡಿದ. ಅಂಕಿಗಳ ಯಾವ ಕೋಷ್ಟಕದಲ್ಲೂ ಅದಕ್ಕೆ ಜಾಗವಿಲ್ಲ. ಊರು ಬಿಟ್ಟು ಬಂದು ಪರಭಾಷೆಯ ನಗರದಲ್ಲಿ ದುಡಿದು, ಸಂಜೆ ಇಲ್ಲಿ ಕನ್ನಡ ಪತ್ರಿಕೆ ಬಿಡಿಸುವ ನಮಗೆ ಅದರ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.